ಅಚ್ಚಿಲ್ಲದೆ ರೂಪ ಪಡೆಯುವ ತಗಡು

ಬಳ್ಳಾರಿಯ ಗೋದಾಮುಗಳ ಮೇಲೆ ಹೊದೆಸಿರುವ ಏರಿಳಿತದ ತಗಡಿಗೆ ಇನ್ನೂರು ವರ್ಷ ತುಂಬುತ್ತ ಬಂದಿದೆ. ಲಂಡನ್ ಬಂದರಿನ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಅದಕ್ಕೆ ಪೇಟೆಂಟ್ ಪಡೆದದ್ದು 1829ರಲ್ಲಿ. ಕೈಯಲ್ಲಿ ಹಿಡಿದರೆ ಬಳುಕುವ ತಗಡು, ಮಡಿಕೆ ಬಿದ್ದರೆ ಸೆಟೆದು ನಿಲ್ಲುತ್ತದೆ. ರೋಬೋಟ್ ತೋಳುಗಳು ಇಂದು ಕಟ್ಟಡಗಳಿಗಾಗಿ ಮಾಡುತ್ತಿರುವುದೂ ಇದನ್ನೇ. ಆದರೆ ಪಾಮರ್ ಮಡಿಕೆ ಒಂದೇ ದಿಕ್ಕಿಗೆ ಸಾಗುತ್ತದೆ. ರೋಬೋಟಿಗೆ ಆ ಕಟ್ಟಳೆಯಿಲ್ಲ.

ಬೇಕಾದ ದಿಕ್ಕಿಗೆ ಮಡಿಸುವುದು ಇಷ್ಟು ತಡವಾದದ್ದು, ತಗಡನ್ನು ಒತ್ತಿ ರೂಪಿಸುವ ಅಚ್ಚಿನ ದೆಸೆಯಿಂದ. ಕಾರಿನ ಬಾಗಿಲಿನ ಅಚ್ಚಿಗೆ ಎಷ್ಟೇ ಹಣ ಸುರಿದರೂ ಆ ವೆಚ್ಚ ಲಕ್ಷಾಂತರ ಬಾಗಿಲುಗಳಿಗೆ ಹಂಚಿಹೋಗುತ್ತದೆ. ವಾಸ್ತುಶಿಲ್ಪಿಗೆ ಬೇಕಾಗುವುದೋ ಒಂದರಂತೆ ಇನ್ನೊಂದಿಲ್ಲದ ನೂರಾರು ತುಂಡು. ಪ್ರತಿಯೊಂದಕ್ಕೂ ಅಚ್ಚು ಮಾಡಿಸುವ ಮಾಲೀಕ ಎಲ್ಲಿ ಸಿಕ್ಕಾನು? ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಸಂಗ್ರಹಾಲಯಕ್ಕೆ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿಮಾನ ವಿನ್ಯಾಸದ ತಂತ್ರಾಂಶವನ್ನು ಬಳಸಿ, ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಟೈಟಾನಿಯಂ ಹೊದೆಸಿದರು. ನೋಡಲು ಬೆರಗೇ ಸರಿ. ಆದರೂ ಅಲ್ಲಿ ಭಾರ ಹೊರುವುದು ಒಳಗಿನ ಉಕ್ಕಿನ ಚೌಕಟ್ಟು. ತಗಡು ಬರೀ ಅಂಗಿ.

ಅಚ್ಚನ್ನೇ ಕೈಬಿಡುವ ಉಪಾಯಕ್ಕೆ ಎಡ್ವರ್ಡ್ ಲೆಸ್ಜಾಕ್ 1967ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ತಗಡಿನ ಅಂಚನ್ನು ಬಿಗಿದು, ಗುಂಡು ತುದಿಯ ಸಲಾಕೆಯಿಂದ ಸುತ್ತು ಹಾಕುತ್ತಾ ಕೂದಲೆಳೆಯಷ್ಟೇ ಆಳಕ್ಕೆ ಒತ್ತುತ್ತಾ ಹೋಗುವುದು. ಆ ಸಲಾಕೆಯನ್ನು ಬೇಕಾದ ಹಾದಿಯಲ್ಲಿ ನಡೆಸುವ ಕಂಪ್ಯೂಟರ್ ಯಂತ್ರಗಳು ಕೈಗೆಟುಕಿ, ಜಪಾನಿನಲ್ಲಿ ಪ್ರಯೋಗಗಳು ಚುರುಕಾದದ್ದು 1990ರ ದಶಕದಲ್ಲಿ. ಬಳ್ಳಾರಿ ಜಿಲ್ಲೆಯ ನಮ್ಮ ತೋರಣಗಲ್ಲಿಗೂ ಇದೇ ಗತಿ: 1971ರಲ್ಲಿ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದ ಮೇಲೆ ಉಕ್ಕಿನ ಕಾರ್ಖಾನೆ ಏಳಲು 1990ರ ದಶಕವೇ ಬರಬೇಕಾಯಿತು.

ಕಳೆದ ದಶಕದಲ್ಲಿ ಕೋಪನ್‌ಹೇಗನ್ನಿನ ಸಂಶೋಧಕರು ಎರಡು ತೆಳು ಪದರಗಳಲ್ಲಿ ರೋಬೋಟ್‌ನಿಂದ ಶಂಕುವಿನಾಕಾರದ ಗುಳಿಗಳನ್ನು ಒತ್ತಿಸಿ, ಒಂದಕ್ಕೊಂದು ಜೋಡಿಸಿ, ಚೌಕಟ್ಟಿಲ್ಲದೆ ನಿಲ್ಲುವ ರಚನೆ ಕಟ್ಟಿದರು. ಅಂಗಿಯೇ ಅಸ್ಥಿಪಂಜರವಾಯಿತು. ಕೆಲಸ ಮಾತ್ರ ನಿಧಾನ: ಅಚ್ಚೊತ್ತುವ ಪ್ರೆಸ್ ಯಂತ್ರ ಕ್ಷಣಮಾತ್ರದಲ್ಲಿ ಮುಗಿಸುವುದಕ್ಕೆ ಸಲಾಕೆ ಗಂಟೆಗಟ್ಟಲೆ ಸುತ್ತಬೇಕು. ಗೋದಾಮಿನ ಮಾಡಿಗೆ ಇದು ಖಂಡಿತ ಬೇಡ; ಅಲ್ಲಿ ಪಾಮರ್ ತಗಡೇ ಸಾಕು.

ಇನ್ನೂ ದೊಡ್ಡ ತೊಡಕೆಂದರೆ, ಒತ್ತಿದ ತಗಡು ಕೈಬಿಟ್ಟೊಡನೆ ತುಸು ಹಿಂದಕ್ಕೆ ಪುಟಿಯುತ್ತದೆ. ಹೀಗಾಗಿ ರೋಬೋಟ್ ಬೇಕಾದುದಕ್ಕಿಂತ ಕೊಂಚ ಹೆಚ್ಚೇ ಒತ್ತಬೇಕು. ಎಷ್ಟು ಹೆಚ್ಚು ಎಂಬುದು ಉಕ್ಕಿನ ಗಡಸು ಮತ್ತು ದಪ್ಪದ ಮೇಲೆ ನಿಂತಿದೆ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಉಕ್ಕಿನ ಸುರುಳಿಯ ಜೊತೆ ಕಾರ್ಖಾನೆ ಕೊಡುವ ಪರೀಕ್ಷಾ ಪ್ರಮಾಣಪತ್ರದಲ್ಲೇ ಇರುತ್ತವೆ. ತೋರಣಗಲ್ಲಿನಿಂದ ಸುರುಳಿ, ಪತ್ರ ಎರಡೂ ಒಟ್ಟಿಗೇ ಹೊರಬೀಳುತ್ತವೆ.