ಗೀರಿಗಿಂತ ಬೊಟ್ಟೇ ದೊಡ್ಡದಾದರೆ

ಹೊಸ ಕಾರಿಗೆ ಮೊದಲ ಗೀರು ಬಿದ್ದ ದಿನ ಯಾರಿಗೂ ನಿದ್ದೆ ಹತ್ತುವುದಿಲ್ಲ. ಅದು ನನಗೂ ಗೊತ್ತು. ಆದರೆ ನನ್ನ ಬಳಿ ಬರುವ ಗಾಡಿಗಳಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಗೀರು ಮುಚ್ಚುವ ಕೆಲಸವಲ್ಲ, ಗೀರು ಮುಚ್ಚಲು ಹೋಗಿ ಓನರ್ ಮಾಡಿಟ್ಟ ಗೆರೆ ತೆಗೆಯುವ ಕೆಲಸ.

ಮೊನ್ನೆ ಒಂದು ಬಿಳಿ ಕಾರು ಬಂತು. ಡೋರ್ ಹ್ಯಾಂಡಲ್ ಕೆಳಗೆ ಎರಡು ಬೆರಳು ಉದ್ದದ, ಎಳೆಯಷ್ಟು ಸಣ್ಣ ಗೀರು. ಅದರ ಮೇಲೆ ಪೆನ್ಸಿಲ್ ದಪ್ಪದ ಬಣ್ಣದ ಪಟ್ಟಿ. “ಅಣ್ಣಾ, ಕೋಡ್ ನೋಡಿಯೇ ಬಣ್ಣ ತಂದಿದ್ದು. ಆದ್ರೂ ಯಾಕೆ ಹಿಂಗೆ ಎದ್ದು ಕಾಣ್ತಿದೆ?” ಅಂದರು ಓನರ್. ಬಣ್ಣ ಸರಿಯಾಗಿಯೇ ಇತ್ತು. ಮೂಗಿಗಿಂತ ಮೂಗುತಿ ಭಾರವಾಗಿತ್ತು, ಅಷ್ಟೇ.

ಟಚ್ ಅಪ್ ಅಂದರೆ ಬಣ್ಣ ಬಳಿಯುವುದಲ್ಲ. ಸಣ್ಣ ಹಳ್ಳ ತುಂಬುವುದು. ಹಳ್ಳದ ದಡದ ಮೇಲೆ ಹತ್ತಿದ ಬಣ್ಣವೆಲ್ಲ ದಂಡ.

ಹಳ್ಳ ಎಷ್ಟು ಆಳ ಅಂತ ಮೊದಲು ನೋಡಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಎರಡು ತಲೆಕೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಅಷ್ಟೇ. ಅದರಲ್ಲೂ ಬಣ್ಣದ ಪದರ ತೀರಾ ತೆಳು. ಹೊಳಪು ಕೊಡುವುದು, ಬಿಸಿಲು ತಡೆಯುವುದು ಕ್ಲಿಯರ್ ಕೋಟ್.

ಗೀರಿನ ಮೇಲೆ ಒಂದು ಹನಿ ನೀರು ಸವರಿ. ಗೀರು ಮಾಯವಾದರೆ ಪೆಟ್ಟು ಕ್ಲಿಯರ್ ಕೋಟಿಗೆ ಮಾತ್ರ ಬಿದ್ದಿದೆ. ಅಲ್ಲಿಗೆ ಟಚ್ ಅಪ್ ಬೇಡವೇ ಬೇಡ, ಪಾಲಿಶ್ ಸಾಕು. ಬಣ್ಣ ಹಚ್ಚಿದರೆ ಇಲ್ಲದ ಕಲೆಯನ್ನು ಕೈಯಾರೆ ಮಾಡಿದ ಹಾಗೆ. ಒದ್ದೆಯಲ್ಲೂ ಕಂಡರೆ, ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡರೆ, ಆಗ ಬಣ್ಣದ ಬಾಟಲಿ ತೆಗೆಯಿರಿ. ಒಳಗೆ ಲೋಹ ಮಿನುಗುತ್ತಿದ್ದರೆ ತಡ ಮಾಡಬೇಡಿ. ಕೆಂಪಗೆ ತುಕ್ಕು ಕಂಡರೆ ಪೂರ್ತಿ ಕೆರೆದು ತೆಗೆದು ಪ್ರೈಮರ್ ಹಾಕಿಯೇ ಮುಂದಿನ ಮಾತು. ತುಕ್ಕಿನ ಮೇಲೆ ಬಣ್ಣ ಹಚ್ಚಿದರೆ ಅದು ಒಳಗೊಳಗೇ ಹರಡಿ ಒಂದು ದಿನ ಗುಳ್ಳೆಯಾಗಿ ಏಳುತ್ತದೆ. ಬಂಪರ್ ಪ್ಲಾಸ್ಟಿಕ್ಕಾದರೆ ತುಕ್ಕಿನ ಭಯವಿಲ್ಲ. ಆದರೆ ಬರೀ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಪ್ರೈಮರ್ ಬೇಕು.

ಇನ್ನು ಬಣ್ಣದ ಕೋಡ್, ಅಂದರೆ ಗಾಡಿಯ ಬಣ್ಣಕ್ಕೆ ಕಂಪನಿ ಕೊಟ್ಟ ಗುರುತು. ಡ್ರೈವರ್ ಡೋರ್ ತೆಗೆದರೆ ಪಕ್ಕದ ಕಂಬದ ಮೇಲೋ, ಬಾನೆಟ್ ಒಳಗೋ ಒಂದು ಸ್ಟಿಕ್ಕರ್ ಅಥವಾ ತಗಡಿನ ಪಟ್ಟಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಡಿಕ್ಕಿಯಲ್ಲಿ ಹುಡುಕಬೇಕು. ಬಣ್ಣದ ಹೆಸರು ಹೇಳಿ ಬಾಟಲಿ ತರಬೇಡಿ. ಒಂದೇ ಕಂಪನಿಯಲ್ಲಿ ನಾಲ್ಕಾರು ಬಿಳಿ ಇರುತ್ತವೆ. ಕೋಡ್ ಸರಿ ಇದ್ದರೂ ಹೂಬೇಹೂಬು ಹೊಂದುತ್ತದೆ ಅಂತ ಹೇಳಲಾಗದು. ಕಾರ್ಖಾನೆಯಲ್ಲೇ ಒಂದೊಂದು ಸಲದ ಬಣ್ಣ ಚೂರು ಆಚೀಚೆ ಇರುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದ ಗಾಡಿಯ ಬಣ್ಣವೂ ಬದಲಾಗಿರುತ್ತದೆ.

ಈ ವಿಷಯದಲ್ಲಿ ನಾನೂ ಮುಗ್ಗರಿಸಿದ್ದೇನೆ. ಕೆಲಸ ಕಲಿತ ಹೊಸದರಲ್ಲಿ ಒಂದು ಸಿಲ್ವರ್ ಗಾಡಿಗೆ ಸಂಜೆ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದಿಸಿದೆ. ಗುರುತೇ ಸಿಗದಷ್ಟು ಚೆನ್ನಾಗಿತ್ತು. ಬೆಳಿಗ್ಗೆ ಗಾಡಿ ಹೊರಗೆ ತೆಗೆದರೆ ಬಾನೆಟ್ ಮೇಲೆ ಬೂದು ಚುಕ್ಕೆ! ಅಂದಿನಿಂದ ಒಂದು ಬಿಳಿ ರಟ್ಟಿನ ಮೇಲೆ ಬಣ್ಣ ಹಚ್ಚಿ, ಒಣಗಿಸಿ, ಮೇಲೆ ಕ್ಲಿಯರ್ ಹಾಕಿ, ಹಗಲು ಬೆಳಕಲ್ಲಿ ಗಾಡಿಗೆ ಹಿಡಿದು ನೋಡದೆ ಮುಟ್ಟುವುದಿಲ್ಲ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬಾರದು. ಮೆಟಾಲಿಕ್ ಬಣ್ಣದಲ್ಲಿ ಇನ್ನೊಂದು ತಕರಾರಿದೆ. ಅದರಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಸ್ಪ್ರೇ ಗನ್ನಿನಲ್ಲಿ ಹೊಡೆದಾಗ ಅವು ಒಂದು ಅಂದದಲ್ಲಿ ಮಲಗುತ್ತವೆ, ಬ್ರಷ್ಷಿನಲ್ಲಿ ಹಚ್ಚಿದಾಗ ಅಡ್ಡಾದಿಡ್ಡಿ. ಹಾಗಾಗಿ ಮೆಟಾಲಿಕ್ ಟಚ್ ಅಪ್ ಒಂದು ಕೋನದಿಂದ ಚೂರು ಕಂಡೇ ಕಾಣುತ್ತದೆ. ಮುತ್ತಿನ ಹಾಗೆ ಮಿನುಗುವ ಪರ್ಲ್ ಬಣ್ಣದ್ದೂ ಇದೇ ಕತೆ. ಇದನ್ನು ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳ್ಳೇದು.

ಕೆಲಸಕ್ಕೆ ನೆರಳು ಬೇಕು. ಬಿಸಿಲಿಗೆ ಕಾದ ತಗಡು ಬೇಡ, ಮಳೆಯ ತೇವವೂ ಬೇಡ. ಸೋಪು ನೀರಲ್ಲಿ ತೊಳೆದು ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ವ್ಯಾಕ್ಸ್ ಜಿಡ್ಡು ತೆಗೆಯಿರಿ. ಜಿಡ್ಡು ಉಳಿದರೆ ಬಣ್ಣ ಮೀನಿನ ಕಣ್ಣಿನ ಹಾಗೆ ಸುತ್ತಲೂ ಸರಿದು ನಡುವೆ ಗುಳಿ ಬೀಳುತ್ತದೆ. ಬಾಟಲಿಯನ್ನು ಎರಡು ನಿಮಿಷ ಬಿಡದೆ ಕುಲುಕಿ. ಸುಮ್ನೆ ನಾಲ್ಕು ಸಲ ಅಲ್ಲಾಡಿಸಿದರೆ ತಳದಲ್ಲಿ ಕೂತ ಬಣ್ಣ ಏಳುವುದಿಲ್ಲ.

ಮುಚ್ಚಳಕ್ಕೆ ಅಂಟಿಕೊಂಡು ಬರುವ ಬ್ರಷ್ ಇದೆಯಲ್ವಾ, ಅದನ್ನು ಮರೆತುಬಿಡಿ. ಉಗುರುಬಣ್ಣಕ್ಕೆ ಸರಿ, ಗೀರಿಗೆ ತೀರಾ ದಪ್ಪ. ನಾನು ಬಳಸುವುದು ಹಲ್ಲುಕಡ್ಡಿ, ಇಲ್ಲವೇ ಚಿತ್ರ ಬರೆಯುವವರ ಅತಿ ಸಣ್ಣ ಬ್ರಷ್. ಕಡ್ಡಿಯ ತುದಿ ಅದ್ದಿ, ಹನಿ ಒರೆಸಿ, ಗೀರಿನ ಒಂದು ತುದಿಗೆ ಮುಟ್ಟಿಸಬೇಕು. ಎಳೆಯಬಾರದು. ಬಣ್ಣ ತಾನಾಗಿ ಗೀರಿನೊಳಗೆ ಹರಿಯುತ್ತದೆ, ಕಾಲುವೆಗೆ ನೀರು ಬಿಟ್ಟ ಹಾಗೆ. ಅದು ನಿಂತ ಜಾಗದಲ್ಲಿ ಮತ್ತೊಂದು ಹನಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ನೋಡಿದರೆ ತುಂಬಿದ್ದ ಹಳ್ಳ ಮತ್ತೆ ತಗ್ಗಾಗಿರುತ್ತದೆ, ಬಣ್ಣ ತೆಳುವಾಗಿಸಿದ್ದ ಥಿನ್ನರ್ ಆರಿ ಬಣ್ಣ ಕುಗ್ಗಿರುತ್ತದೆ. ಗಾಬರಿ ಬೇಡ, ಇನ್ನೊಂದು ಸುತ್ತು. ನನ್ನ ಕೈಯಲ್ಲಿ ಮೂರು ನಾಲ್ಕು ಸುತ್ತಾಗುತ್ತದೆ. ಕ್ಲಿಯರಿಗೆ ಜಾಗ ಬಿಟ್ಟು, ಬಣ್ಣ ದಡಕ್ಕಿಂತ ಚೂರು ಕೆಳಗೆ ಇರುವಾಗಲೇ ನಿಲ್ಲಿಸಿ. ಅದರ ಮೇಲೆ ಕ್ಲಿಯರ್, ಈ ಸಲ ದಡಕ್ಕಿಂತ ಒಂದು ಎಳೆ ಮೇಲೆ.

ಆಮೇಲೆ ಸುಮ್ಮನಿರುವುದೇ ಕಷ್ಟದ ಕೆಲಸ. ಕನಿಷ್ಠ ಒಂದು ವಾರ ಮುಟ್ಟಬಾರದು. ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗಿರುತ್ತದೆ. ವಾರದ ಮೇಲೆ 2000 ನಂಬರಿನ ವಾಟರ್ ಪೇಪರನ್ನು, ಅಂದರೆ ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದವನ್ನು, ಸಣ್ಣ ಗಟ್ಟಿ ತುಂಡಿಗೆ ಸುತ್ತಿ, ನೀರು ಹಾಕಿಕೊಂಡು ಉಬ್ಬನ್ನಷ್ಟೇ ಉಜ್ಜಿ. ಆಮೇಲೆ 3000, ಕೊನೆಗೆ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್. ಸುತ್ತಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50 ಮೈಕ್ರಾನೂ ದಾಟುವುದಿಲ್ಲ. ಜೋರು ಮಾಡಿದರೆ ಅದೇ ಹೋಗುತ್ತದೆ, ಡೋರಿನ ಅಂಚಿನಲ್ಲಂತೂ ಇನ್ನೂ ಬೇಗ. ಕೈ ಧೈರ್ಯವಿಲ್ಲದಿದ್ದರೆ ಉಬ್ಬು ಹಾಗೇ ಇರಲಿ. ಮ್ಯಾಟ್ ಬಣ್ಣದ ಗಾಡಿಗೆ ಉಜ್ಜುವುದು, ಪಾಲಿಶ್ ಎರಡೂ ಬೇಡ. ಉಜ್ಜಿದ ಜಾಗ ಹೊಳೆಯಲು ಶುರುವಾದರೆ ಮತ್ತೆ ಮಂಕಾಗಿಸಲು ಬರುವುದಿಲ್ಲ.

ಆ ಬಿಳಿ ಕಾರಿಗೆ ನಾನು ಮಾಡಿದ್ದಿಷ್ಟೆ. ಹಳೇ ಪ್ಲಾಸ್ಟಿಕ್ ಕಾರ್ಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಚೂರೇ ಥಿನ್ನರ್ ಹಾಕಿ, ಪಟ್ಟಿಯ ಮೇಲೆ ಮೆಲ್ಲಗೆ ಅಡ್ಡ ಎಳೆದೆ. ಕಂಪನಿಯ ಬಣ್ಣ ಸುಮಾರು 140 ಡಿಗ್ರಿ ಶಾಖದಲ್ಲಿ ಬೆಂದು ಗಟ್ಟಿಯಾಗಿರುತ್ತದೆ, ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಬಾಟಲಿ ಬಣ್ಣ ಗಾಳಿಗೆ ಒಣಗಿದ್ದು, ಕರಗಿ ಬಂತು. ಡೋರಿಗೆ ಹಿಂದೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದರೆ ಈ ಉಪಾಯ ಮಾಡಬೇಡಿ, ಅದೂ ಎದ್ದು ಬರಬಹುದು. ನಾನು ಮೊದಲು ಅದನ್ನೇ ಕೇಳಿದ್ದು. ಮೇಲಿನದು ಹೋದರೂ ಕಾರ್ಡ್ ಚಪ್ಪಟೆ ಇದ್ದುದರಿಂದ ಗೀರಿನೊಳಗಿನ ಬಣ್ಣ ಮುಕ್ಕಾಲು ಪಾಲು ಅಲ್ಲೇ ಉಳಿದಿತ್ತು. ಮೇಲೆ ಎರಡು ಹನಿ ಕ್ಲಿಯರ್ ಬಿಟ್ಟು ಕಳಿಸಿದೆ. ಹೋಗುವಾಗ ಬಾಟಲಿಯ ಕುತ್ತಿಗೆ ಒರೆಸಿ ಮುಚ್ಚಳ ಬಿಗಿ ಮಾಡಿ ಕೊಟ್ಟೆ. ಒರೆಸದೆ ಮುಚ್ಚಿದರೆ ಮುಂದಿನ ಗೀರಿನ ಹೊತ್ತಿಗೆ ಅದು ತಿರುಗುವುದೇ ಇಲ್ಲ.