ರಾತ್ರಿ 2:47ಕ್ಕೆ ಅಂಗಡಿಯ ಕಂಪ್ಯೂಟರ್ ಆನ್ ಮಾಡಿದ್ದು ಯಾರು?

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಭಾವನದ್ದೊಂದು ಜೆರಾಕ್ಸ್ ಅಂಗಡಿ ಉಂಟು. ಹೆಸರಿಗೆ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಮದುವೆ ಕಾಗದ ಎಲ್ಲ ಅಲ್ಲೇ ಆಗ್ತದೆ. ಬಿಲ್ಲಿಂಗಿಗೆ, ಸ್ಕ್ಯಾನಿಂಗಿಗೆ ಅಂತ ಲಿನಕ್ಸ್ (ವಿಂಡೋಸ್ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿ ಕೊಟ್ಟದ್ದು ನಾನೇ. ಆದ್ರೆ ಕನ್ನಡ ಟೈಪ್ ಮಾಡುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ ಇಲ್ಲದೆ ಮದುವೆ ಕಾಗದ ಮಾಡ್ಲಿಕ್ಕೆ ಭಾವನಿಗೆ ಆಗುದಿಲ್ಲ, ಹಾಗಾಗಿ ಅದೇ ಮಿಷನ್‌ನಲ್ಲಿ ವಿಂಡೋಸ್ ಕೂಡ ಉಂಟು. ಆನ್ ಮಾಡಿ ಸುಮ್ಮನೆ ಬಿಟ್ರೆ ಲಿನಕ್ಸ್ ಬರ್ತದೆ.

ಮೇ ತಿಂಗಳು, ಬೆಳಿಗ್ಗೆ ಒಂಬತ್ತಕ್ಕೆ ಭಾವನ ಫೋನ್. "ಎಂತ ಮಾರಾಯ, ನಿನ್ನೆ ರಾತ್ರಿ ಎಂಟೂವರೆಗೆ ಕೈಯಾರೆ ಶಟ್‌ಡೌನ್ ಮಾಡಿ ಬಾಗಿಲು ಹಾಕಿ ಹೋದದ್ದು, ಈಗ ಬಂದು ನೋಡಿದ್ರೆ ಆನ್ ಉಂಟಲ್ಲ!" ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು 'ಲಾಸ್ಟ್ ರೀಬೂಟ್' ಅಂತ ಹೊಡೀರಿ ಭಾವ ಅಂದೆ. ರಾತ್ರಿ 2:47ಕ್ಕೆ ರೀಬೂಟ್ ಅಂತ ಬಂತು. ಅಂಗಡಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಉಂಟು. ಹಿಂದೆ ನಿಂತಿದ್ದ ಅಂಗಡಿ ಹುಡುಗ "ಕುಲೆ ಇರ್ಬಹುದಾ ಅಣ್ಣಾ" ಅಂದದ್ದು ನನಗೆ ಫೋನಲ್ಲೇ ಕೇಳಿತು. ಕುಲೆ ಅಂದ್ರೆ ತುಳುವಿನಲ್ಲಿ ದೆವ್ವ. ಭಾವನಿಗೆ ಕುಲೆಗಿಂತ ಕಳ್ಳನ ಹೆದರಿಕೆ ಜಾಸ್ತಿ.

ಈ ರೆಕಾರ್ಡ್ ಎಲ್ಲಿಂದ ಬರ್ತದೆ ಅಂದ್ರೆ, ಲಿನಕ್ಸ್‌ನಲ್ಲಿ ಡಬ್ಲ್ಯುಟಿಎಂಪಿ ಅಂತ ಒಂದು ಫೈಲ್ ಉಂಟು, ಯಾರು ಲಾಗಿನ್ ಆದ್ರು, ಯಾವಾಗ ಶಟ್‌ಡೌನ್ ಆಯ್ತು, ಯಾವಾಗ ಎದ್ದಿತು ಅಂತ ಒಂದರ ಹಿಂದೆ ಒಂದು ಬರೆದಿಡುವ ಡೈರಿ ಅದು. 'ಲಾಸ್ಟ್' ಆ ಡೈರಿಯನ್ನು ಓದಿ ಹೇಳ್ತದೆ ಅಷ್ಟೇ. ಆದ್ರೆ ರೀಬೂಟ್ ಅಂತ ಬರೆಯುವುದು ಯಾವಾಗ? ಮಿಷನ್ ಎದ್ದ ಕೂಡ್ಲೇ, ಕಣ್ಣು ಸರಿ ಬಿಡುವ ಮೊದಲೇ, ಆಗ ಅದರ ಗಡಿಯಾರ ಎಷ್ಟು ತೋರಿಸ್ತದೋ ಅಷ್ಟು. ಇಂಟರ್ನೆಟ್‌ನಿಂದ ಸರಿ ಟೈಮ್ ಬರುದು ಆಮೇಲೆ. ಬಂದ ಮೇಲೆ ಹಳೇ ಸಾಲನ್ನು ಯಾರೂ ತಿದ್ದುದಿಲ್ಲ.

ಹಾಗಾಗಿ 'ಅಪ್‌ಟೈಮ್' ಹೊಡೀಲಿಕ್ಕೆ ಹೇಳಿದೆ. ಎದ್ದು ಎಷ್ಟು ಹೊತ್ತಾಯ್ತು ಅಂತ ಕರ್ನಲ್ (ಲಿನಕ್ಸ್‌ನ ತಿರುಳು) ಬೇರೆಯೇ ಲೆಕ್ಕ ಇಡ್ತದೆ, ಸ್ಟಾಪ್‌ವಾಚ್ ಇದ್ದ ಹಾಗೆ, ಗಡಿಯಾರವನ್ನು ಹಿಂದೆ ಮುಂದೆ ಮಾಡಿದ್ರೂ ಅದಕ್ಕೆ ಎಂತ ಆಗುದಿಲ್ಲ. ಭಾವ ಓದಿದ್ರು, 11 ಗಂಟೆ 43 ನಿಮಿಷ. 2:47ಕ್ಕೆ ಎದ್ದದ್ದಾದ್ರೆ 6 ಗಂಟೆ 13 ನಿಮಿಷ ಅಂತ ಬರ್ಬೇಕಿತ್ತು! ಒಂಬತ್ತರಿಂದ ಹಿಂದೆ ಲೆಕ್ಕ ಹಾಕಿದ್ರೆ ಮಿಷನ್ ಎದ್ದದ್ದು ಹಿಂದಿನ ರಾತ್ರಿ 9:17ಕ್ಕೆ. 9:17ಕ್ಕೂ 2:47ಕ್ಕೂ ನಡುವೆ ಸರಿಯಾಗಿ ಐದೂವರೆ ಗಂಟೆ, ನಮ್ಮ ಭಾರತದ ಟೈಮಿಗೂ ಯುಟಿಸಿಗೂ (ಇಡೀ ಲೋಕ ಲೆಕ್ಕಕ್ಕೆ ಇಟ್ಟುಕೊಂಡ ಟೈಮ್) ಇರುವ ಅದೇ ಐದೂವರೆ. ಅಲ್ಲಿಗೆ ಕಳ್ಳನೂ ಹೋದ, ಕುಲೆಯೂ ಹೋಯ್ತು.

ಮದರ್‌ಬೋರ್ಡಿನಲ್ಲಿ ಒಂದು ಸಣ್ಣ ಗಡಿಯಾರ ಉಂಟು, ಕರೆಂಟ್ ಇಲ್ಲದಾಗ ನಾಣ್ಯದ ಹಾಗಿನ ಸಿಆರ್2032 ಬ್ಯಾಟರಿಯಲ್ಲಿ ಓಡುವಂಥದ್ದು. ಅದರೊಳಗಿನ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸ್ತದೆ, ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡ್ತಾ ಹೋದ್ರೆ ಒಂದಕ್ಕೆ ಬರ್ತದೆ, ಅದೇ ಒಂದು ಸೆಕೆಂಡ್. 1984ರ ಐಬಿಎಂ ಪಿಸಿ ಎಟಿ ಕಾಲದಿಂದ ಬಂದ ಏರ್ಪಾಡು ಇದು. ಪಾಪ ಆ ಗಡಿಯಾರಕ್ಕೆ ಟೈಮ್ ಝೋನ್ ಅಂದ್ರೆ ಎಂತ ಅಂತ ಗೊತ್ತಿಲ್ಲ, ಬರೀ ಅಂಕಿ ಗೊತ್ತು. ವಿಂಡೋಸ್ ಅದರಲ್ಲಿ ಊರ ಟೈಮ್ ಬರೆದಿಡ್ತದೆ, ಲಿನಕ್ಸ್ ಅದನ್ನು ಯುಟಿಸಿ ಅಂತ ಓದಿ ಮೇಲಿಂದ ಐದೂವರೆ ಗಂಟೆ ಸೇರಿಸ್ತದೆ. ಒಂದೇ ಗೋಡೆ ಗಡಿಯಾರವನ್ನು ಇಬ್ಬರು ಬಾಡಿಗೆದಾರರು ತಮಗೆ ಬೇಕಾದ ಹಾಗೆ ತಿರುಗಿಸಿದ ಕಥೆ. (ಯಾರದ್ದು ತಪ್ಪು ಅಂತ ಕೇಳಿದ್ರೆ ನಾನು ವಿಂಡೋಸ್ ಕಡೆಗೇ ಬೆರಳು ತೋರಿಸುದು, ಲಿನಕ್ಸ್ ಹಾಕಿ ಕೊಟ್ಟವನಲ್ಲವಾ!)

ಹಾಗಾದ್ರೆ ದಿನಾ ಯಾಕೆ ಹೀಗಾಗುದಿಲ್ಲ? ಇಂಟರ್ನೆಟ್ ಟೈಮ್ ಸಿಕ್ಕಿದ ಮೇಲೆ ಲಿನಕ್ಸ್ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ಆ ಗಡಿಯಾರವನ್ನೂ ತಿದ್ದಿ ಯುಟಿಸಿಗೆ ತರ್ತದೆ. ದಿನದ ಕೊನೇ ಕೆಲಸ ಲಿನಕ್ಸ್‌ನಲ್ಲಿ ಆದ್ರೆ ಎಲ್ಲ ಸರಿ. ಕೊನೇ ಕೆಲಸ ಮದುವೆ ಕಾಗದ ಆದ್ರೆ ಮಾತ್ರ ಗಡಿಯಾರದಲ್ಲಿ ಊರ ಟೈಮ್ ಉಳೀತದೆ. ಹಿಂದಿನ ಸಂಜೆ ಭಾವ ಪೇಜ್‌ಮೇಕರಲ್ಲೇ ಕೂತಿದ್ದು.

ಇನ್ನು ಆನ್ ಆದದ್ದು ಹೇಗೆ? ಆ ರಾತ್ರಿ ಗುಡುಗು ಸಿಡಿಲು, ಕರೆಂಟ್ ಹೋಗಿ ಬಂದಿತ್ತು. ಹೋದ ಕರೆಂಟ್ ವಾಪಸ್ ಬಂದ್ರೆ ಎಂತ ಮಾಡ್ಬೇಕು ಅಂತ ಬಯಾಸ್‌ನಲ್ಲಿ (ಮದರ್‌ಬೋರ್ಡಿನಲ್ಲೇ ಇರುವ, ಮಿಷನನ್ನು ಎಬ್ಬಿಸುವ ಸಾಫ್ಟ್‌ವೇರ್) ಒಂದು ಸೆಟ್ಟಿಂಗ್ ಉಂಟು, ಅದು 'ಆನ್' ಅಂತ ಇತ್ತು, ಶಟ್‌ಡೌನ್ ಮಾಡಿದ್ರೂ ಕರೆಂಟ್ ಬಂದ ಕೂಡ್ಲೇ ಏಳ್ತದೆ. ಸಂಜೆ ನಾನೇ ಹೋಗಿ 'ಜರ್ನಲ್‌ಸಿಟಿಎಲ್' ಹೊಡೆದು, ಮಿಷನ್ ಬರೆದಿಡುವ ಜರ್ನಲ್ ಅನ್ನುವ ಲಾಗ್ ತೆಗೆದು ನೋಡಿದೆ. ಮೊದಲಿನ ಸಾಲುಗಳೆಲ್ಲ 2:47, ರೌಟರ್ ಎದ್ದು ಇಂಟರ್ನೆಟ್ ಬಂದ ಮೇಲೆ ಟೈಮ್ ದಡಕ್ಕಂತ ಹಿಂದೆ ಹಾರಿ 9:19. ಬಯಾಸ್ ಸೆಟ್ಟಿಂಗ್ ಆಫ್ ಮಾಡಿದೆ, ಗಡಿಯಾರವನ್ನು ಯುಟಿಸಿ ಅಂತಲೇ ಓದು ಅಂತ ವಿಂಡೋಸ್‌ನ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಗೂ ಹೇಳಿ ಬಂದೆ.

ಬರೀ 'ಲಾಸ್ಟ್' ಅಂತ ಹೊಡೆದಾಗ ಬಂದ ಲಿಸ್ಟಲ್ಲಿ ಎರಡು ಕಡೆ, ಹಾಡುಹಗಲಲ್ಲೇ, ಭಾವನ ಲಾಗಿನ್ ಎದುರು 'ಕ್ರ್ಯಾಶ್' ಅಂತ ಇತ್ತು. ಕರೆಂಟ್ ಹೋಗಿ ಸತ್ತ ಮಿಷನ್ ನಾನು ಸತ್ತೆ ಅಂತ ಬರೆದಿಡುದಿಲ್ಲ. ಲಾಗೌಟ್ ಇಲ್ಲ, ಶಟ್‌ಡೌನ್ ಇಲ್ಲ, ನೇರ ಮುಂದಿನ ರೀಬೂಟ್ ಉಂಟು, ಹಾಗಾಗಿ ನಡುವೆ ಬಿದ್ದಿರ್ಬೇಕು ಅಂತ 'ಲಾಸ್ಟ್' ಊಹೆ ಮಾಡಿ ಹೇಳುದು. ಜರ್ನಲ್‌ನಲ್ಲೂ ಹಾಗೇ, ಸರಿಯಾಗಿ ಶಟ್‌ಡೌನ್ ಆಗಿದ್ರೆ ಒಂದೊಂದೇ ಸರ್ವೀಸ್ ನಿಂತ ಸಾಲುಗಳು ಇರ್ತವೆ, ಇಲ್ಲಿ ನಡುವಲ್ಲೇ ಕಡಿದು ಹೋಗಿತ್ತು.

"ಆಗ ಟ್ಯೂಬ್‌ಲೈಟ್ ಸಹ ಆರ್ಲಿಲ್ಲ, ಒಮ್ಮೆ ಮಿಣಕ್ ಅಂದದ್ದಷ್ಟೇ" ಅಂತ ಭಾವನ ವಾದ. ಅಷ್ಟೇ ಸಾಕು ಭಾವ ಅಂದೆ. ನಮ್ಮ ಕರೆಂಟಿನ ಒಂದು ಸುತ್ತು ಅಂದ್ರೆ 20 ಮಿಲಿಸೆಕೆಂಡ್, ಫುಲ್ ಲೋಡಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ಉಸಿರು ಹಿಡ್ಕೊಳ್ಳುದು ಸುಮಾರು 16 ಮಿಲಿಸೆಕೆಂಡ್. ಆ ಸಂದು ತುಂಬ್ಲಿಕ್ಕೆ ಇರುವುದೇ ಯುಪಿಎಸ್. ಪ್ಲಗ್ ತೆಗೆದು ನೋಡಿದೆ, ಒಂದು ಸಲ ಕುಂಯ್ ಅಂತ ಹೇಳಿ ಯುಪಿಎಸ್, ಕಂಪ್ಯೂಟರ್ ಎರಡೂ ಒಟ್ಟಿಗೆ ಆಫ್.

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕ್ಸಿ ಅಂದೆ. "ಮದುವೆ ಸೀಸನ್ ಮುಗೀಲಿ, ಮತ್ತೆ ನೋಡುವ" ಅಂದ್ರು.