ಎನ್‌ಎಸ್‌ಸಿಡಿ ಯಾಕೆ ಹಳೇ ಉತ್ತರ ಕೊಡುತ್ತದೆ?

ಕೆಲವು ವರ್ಷಗಳ ಹಿಂದಿನ ಮಾತು. ಆಫೀಸಿಗೆ ಹೊಸಬರೊಬ್ಬರು ಸೇರಿದ್ದರು. ಇಡೀ ಆಫೀಸಿನ ಬಳಕೆದಾರರ ಪಟ್ಟಿ ಇರುವ ಎಲ್‌ಡ್ಯಾಪ್ ಸರ್ವರ್‌ನಲ್ಲಿ ಅವರ ಖಾತೆ ತೆರೆದಾಗಿತ್ತು. ಲಿನಕ್ಸ್ ಯಂತ್ರ ಮಾತ್ರ ‘ಅಂಥವರು ಯಾರೂ ಇಲ್ಲ’ ಅಂತಲೇ ಹೇಳುತ್ತಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು, ಇದು ನಾನೇ ಮಾಡಿಕೊಂಡದ್ದು. ಖಾತೆ ತೆರೆಯುವ ಮೊದಲು ಆ ಹೆಸರು ಬೇರೆ ಯಾರಿಗಾದರೂ ಇದೆಯಾ ಅಂತ ಅದೇ ಯಂತ್ರದಲ್ಲಿ ಹುಡುಕಿದ್ದೆ. ಆಗ ಸಿಕ್ಕ ‘ಇಲ್ಲ’ ಎಂಬ ಉತ್ತರವನ್ನು ಎನ್‌ಎಸ್‌ಸಿಡಿ ಜೋಪಾನವಾಗಿ ನೆನಪಿಟ್ಟುಕೊಂಡಿತ್ತು.

ಎನ್‌ಎಸ್‌ಸಿಡಿ ಅಂದರೆ ನೇಮ್ ಸರ್ವಿಸ್ ಕ್ಯಾಶ್ ಡೀಮನ್. ಹಿನ್ನೆಲೆಯಲ್ಲಿ ಸುಮ್ನೆ ಕೂತು, ಯಾರು ಯಾರೆಂದು ನೆನಪಿಟ್ಟುಕೊಳ್ಳುವ ಸೇವೆ. ಇದು ಯಾಕೆ ಬೇಕಾಯ್ತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ಗೆ ಹೆಸರು ಗೊತ್ತಿಲ್ಲ, ಸಂಖ್ಯೆ ಗೊತ್ತು. ಕಡತದ ಒಡೆಯರು ಯಾರು ಅಂದರೆ 1004 ಅನ್ನುತ್ತದೆ. ಆ 1004 ಯಾರೆಂದು ಪಾಸ್‌ವರ್ಡ್ ಕಡತದಲ್ಲಿ ನೋಡಬೇಕು. (ಈಗ ಆ ಕಡತದಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಹೆಸರು ಮಾತ್ರ ಹಾಗೇ ಉಳಿದಿದೆ.) ಒಂದೇ ಯಂತ್ರ ಇದ್ದಾಗ ಇದು ಸಲೀಸು. ನೂರು ಯಂತ್ರಗಳಾದಾಗ ನೂರು ಕಡೆ ತಿದ್ದಬೇಕು.

1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದಕ್ಕೊಂದು ದಾರಿ ಮಾಡಿತು: ಪಟ್ಟಿ ಒಂದೇ ಸರ್ವರ್‌ನಲ್ಲಿರಲಿ, ಉಳಿದ ಯಂತ್ರಗಳು ಅದನ್ನೇ ಕೇಳಲಿ. ಅದರ ಹೆಸರು ಯೆಲ್ಲೋ ಪೇಜಸ್. ಬ್ರಿಟನ್‌ನಲ್ಲಿ ಆ ಹೆಸರು ಬ್ರಿಟಿಷ್ ಟೆಲಿಕಾಂನ ಟ್ರೇಡ್‌ಮಾರ್ಕ್ ಆಗಿತ್ತು, ಹಾಗಾಗಿ ಎನ್‌ಐಎಸ್ ಎಂದು ಬದಲಾಯ್ತು. ಆದರೆ ಅದರ ಆಜ್ಞೆಗಳು ಇವತ್ತಿಗೂ ‘ವೈಪಿ’ ಅಂತಲೇ ಶುರುವಾಗುತ್ತವೆ. ಮುಂದೆ 1990ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಎಲ್‌ಡ್ಯಾಪ್ ಬಂತು. ಯುನಿಕ್ಸ್ ಬಳಕೆದಾರರ ಪಟ್ಟಿಯನ್ನು ಅದರಲ್ಲಿ ಹೇಗೆ ಇಡಬೇಕೆಂದು 1998ರ ಆರ್‌ಎಫ್‌ಸಿ 2307 ಎಂಬ ಇಂಟರ್‌ನೆಟ್ ದಾಖಲೆ ಹೇಳಿತು.

ಪಟ್ಟಿ ಒಂದೇ ಕಡೆ ಸೇರಿತು ಸರಿ, ಆದರೆ ಪ್ರತಿ ಪ್ರಶ್ನೆಗೂ ನೆಟ್‌ವರ್ಕ್ ದಾಟಬೇಕು. ಕಡತಗಳ ಪಟ್ಟಿ ತೋರಿಸುವ ಚಿಕ್ಕ ಪ್ರೋಗ್ರಾಂ ಕೂಡ ನಾಲ್ಕು ಜನರ ಕಡತಗಳಿದ್ದರೆ ನಾಲ್ಕು ಸಲ ಕೇಳಬೇಕು. ಪ್ರೋಗ್ರಾಂ ಮುಗಿಯಿತೋ, ಅದು ತಿಳಿದುಕೊಂಡದ್ದೂ ಅಲ್ಲಿಗೆ ಮುಗಿಯಿತು. ಮುಂದಿನ ಪ್ರೋಗ್ರಾಂ ಮತ್ತೆ ಮೊದಲಿನಿಂದ ಕೇಳುತ್ತದೆ. ಹಾಗಾಗಿ ಸಾಯದೆ ಕೂತಿರುವ ಒಬ್ಬ ಮಧ್ಯಸ್ಥ ಬೇಕಾಯ್ತು. ಸನ್‌ನದೇ ಯುನಿಕ್ಸ್ ಆದ ಸೊಲಾರಿಸ್‌ನಲ್ಲಿ ಅದು ಎನ್‌ಎಸ್‌ಸಿಡಿ. ಲಿನಕ್ಸ್‌ನ ಪ್ರೋಗ್ರಾಂಗಳೆಲ್ಲ ನೆಚ್ಚಿಕೊಂಡಿರುವ ಮೂಲ ಲೈಬ್ರರಿ ಜಿಲಿಬ್‌ಸಿಗೆ ಅದೇ ಹೆಸರಿನ ಸೇವೆಯನ್ನು 1998ರಲ್ಲಿ ತೋರ್ಸ್ಟೆನ್ ಕುಕುಕ್ ಬರೆದುಕೊಟ್ಟರು.

ವೇಗದ ತೊಂದರೆ ತೀರಿತು, ಹಳಸಿದ ಉತ್ತರದ ತೊಂದರೆ ಶುರುವಾಯ್ತು. ಜಿಲಿಬ್‌ಸಿ ಜೊತೆ ಬರುವ ಮಾದರಿ ಸೆಟ್ಟಿಂಗ್ ನೋಡಿ. ಸಿಕ್ಕ ಬಳಕೆದಾರರ ಹೆಸರು 600 ಸೆಕೆಂಡ್ ನೆನಪಿರುತ್ತದೆ, ಸಿಗದೆ ಹೋದದ್ದು 20 ಸೆಕೆಂಡ್. ಗ್ರೂಪ್ ಆದರೆ 3600, ಅಂದರೆ ಪೂರಾ ಒಂದು ಗಂಟೆ. ನಮ್ಮಲ್ಲಿ ಯಾರೋ ಪುಣ್ಯಾತ್ಮರು ಆ 20 ಅನ್ನೂ 3600 ಮಾಡಿಟ್ಟಿದ್ದರು. ಸರ್ವರ್ ಮೇಲಿನ ಹೊರೆ ಇಳಿಸಲು ಮಾಡಿದ್ದಿರಬೇಕು.

ಯಂತ್ರದಲ್ಲೇ ಇರುವ ಪಾಸ್‌ವರ್ಡ್ ಕಡತ ಬದಲಾದರೆ ಎನ್‌ಎಸ್‌ಸಿಡಿಗೆ ತಿಳಿಯುತ್ತದೆ, ಆ ಕಡತದ ಮೇಲೆ ಅದು ಕಣ್ಣಿಟ್ಟಿರುತ್ತದೆ. ದೂರದ ಎಲ್‌ಡ್ಯಾಪ್‌ನಲ್ಲಿ ಬದಲಾದರೆ ತಿಳಿಯುವುದಿಲ್ಲ. ಯಾವುದಕ್ಕಾಗಿ ಅದನ್ನು ಇಟ್ಟುಕೊಂಡೆವೋ ಅಲ್ಲೇ ಅದು ಕುರುಡು. ಹಾಗಾಗಿಯೇ ಅಡ್ಮಿನ್‌ಗಳಲ್ಲಿ ಒಂದು ಚಾಳಿ ಬೆಳೆಯಿತು: ಏನೇ ಎಡವಟ್ಟಾದರೂ ಎನ್‌ಎಸ್‌ಸಿಡಿ ರೀಸ್ಟಾರ್ಟ್ ಮಾಡು! ಇದು ಯಾವಾಗಲೂ ಸಾಲದು. ‘ಪರ್ಸಿಸ್ಟೆಂಟ್’ ಎಂಬ ಆಯ್ಕೆ ಆನ್ ಆಗಿದ್ದರೆ ನೆನಪು ಡಿಸ್ಕ್ ಮೇಲೂ ಇರುತ್ತದೆ, ಅವಧಿ ಮುಗಿಯದ ಉತ್ತರಗಳು ರೀಸ್ಟಾರ್ಟ್ ಆದಮೇಲೂ ಎದ್ದು ಬರುತ್ತವೆ. ‘ಇನ್‌ವ್ಯಾಲಿಡೇಟ್’ ಆಯ್ಕೆ ಕೊಟ್ಟು, ಯಾವ ಪಟ್ಟಿ ಅಂತ ಹೇಳಿ ಅಳಿಸುವುದೇ ಸರಿ. ಗ್ರೂಪ್ ವಿಷಯದಲ್ಲಿ ಅದೂ ಸಾಲದು. ಯಾವ ಗ್ರೂಪ್‌ಗಳಿಗೆ ಸೇರಿದ್ದೀರಿ ಅನ್ನುವುದು ಲಾಗಿನ್ ಆಗುವಾಗಲೇ ತೀರ್ಮಾನವಾಗಿರುತ್ತದೆ, ಹಾಗಾಗಿ ಲಾಗೌಟ್ ಆಗಿ ಮತ್ತೆ ಬರಬೇಕು. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

2009ರ ಸುಮಾರಿಗೆ ಫೆಡೋರಾ ಎಂಬ ಲಿನಕ್ಸ್‌ನ ಬಳಗದಿಂದ ಎಸ್‌ಎಸ್‌ಎಸ್‌ಡಿ ಎಂಬ ಇನ್ನೊಂದು ಸೇವೆ ಬಂತು. ಎಲ್‌ಡ್ಯಾಪ್ ಜೊತೆ ಮಾತಾಡುವುದೂ ಅದೇ, ನೆನಪಿಡುವುದೂ ಅದೇ. ಎರಡನ್ನೂ ಓಡಿಸಿದರೆ ನೆನಪಿನ ಮೇಲೊಂದು ನೆನಪು ಕೂರುತ್ತದೆ. ಒಂದನ್ನು ತೊಳೆದರೆ ಇನ್ನೊಂದು ಹಳೆಯದನ್ನೇ ಹೇಳುತ್ತದೆ. ಹಾಗಾಗಿ ಎಸ್‌ಎಸ್‌ಎಸ್‌ಡಿ ಇರುವಲ್ಲಿ ಎನ್‌ಎಸ್‌ಸಿಡಿಯ ಬಳಕೆದಾರ ಮತ್ತು ಗ್ರೂಪ್ ಕ್ಯಾಶ್‌ಗಳನ್ನು (ಅಂದರೆ ನೆನಪುಗಳನ್ನು) ಆಫ್ ಮಾಡುವುದು ರೂಢಿ. 2021ರ ಫೆಡೋರಾ 34ರ ಹೊತ್ತಿಗೆ ಎನ್‌ಎಸ್‌ಸಿಡಿಯನ್ನೇ ಬಿಟ್ಟು ಎಸ್‌ಎಸ್‌ಎಸ್‌ಡಿ ಮತ್ತು (ಯಂತ್ರಗಳ ಹೆಸರು ಹುಡುಕಿಕೊಡುವ) ಸಿಸ್ಟಮ್‌ಡಿ-ರಿಸಾಲ್ವ್‌ಡಿ ಬಳಸಿ ಎಂಬ ಮಾತು ಬಂತು. 2024ರಲ್ಲಿ ಎನ್‌ಎಸ್‌ಸಿಡಿಯ ನೆಟ್‌ಗ್ರೂಪ್ (ನೆಟ್‌ವರ್ಕ್‌ನ ಬಳಕೆದಾರರು, ಯಂತ್ರಗಳ ಗುಂಪು) ಕ್ಯಾಶ್‌ನಲ್ಲಿ ನಾಲ್ಕು ಭದ್ರತಾ ದೋಷಗಳು ಹೊರಬಿದ್ದವು. ಆ ಕ್ಯಾಶ್ ಸೇರಿದ್ದು ಜಿಲಿಬ್‌ಸಿ 2.15ರಲ್ಲಿ, ಅಂದರೆ 2012ರಲ್ಲಿ. ಹನ್ನೆರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾವೂ ಎಸ್‌ಎಸ್‌ಎಸ್‌ಡಿಗೆ ಬಂದು ಕಾಲವಾಯ್ತು. ಅದರಲ್ಲಿ ‘ಇಲ್ಲ’ ಎಂಬ ಉತ್ತರ ಇರುವುದು 15 ಸೆಕೆಂಡ್ ಅಷ್ಟೇ. ಸಿಕ್ಕ ಉತ್ತರ ಮಾತ್ರ 5400 ಸೆಕೆಂಡ್, ಒಂದೂವರೆ ಗಂಟೆ. ಹೋದ ವಾರ ಒಬ್ಬರ ಹೆಸರು ತಿದ್ದಿ ಕೊಟ್ಟೆ. ಹತ್ತು ನಿಮಿಷಕ್ಕೆ ಫೋನ್ ಬಂತು, ‘ಸರ್, ಇನ್ನೂ ಹಳೇದೇ ಬರ್ತಿದೆ.’